ವೀರಗಲ್ಲು

ಕಾಳಗದಲ್ಲಿ, ದನಕರುಗಳ ರಕ್ಷಣೆಯಲ್ಲಿ, ಊರಿನ ಅಥವಾ ಹೆಂಗಸರ ಮಾನದ ಕಾವಲಿನಲ್ಲಿ ಹೋರಾಡಿ ಮಡಿದವರ ನೆನಪಿಗಾಗಿ ನಿಲ್ಲಿಸಿದ, ಹೋರಾಟವನ್ನೂ ಸತ್ತ ವೀರನ ಸ್ವರ್ಗಾರೋಹಣವನ್ನೂ ಸಾಮಾನ್ಯವಾಗಿ ಉಬ್ಬುಶಿಲ್ಪದಲ್ಲಿ ತೋರಿಸುವ ಸ್ಮಾರಕಶಿಲೆಗೆ ವೀರಗಲ್ಲು ಎಂದು ಹೆಸರು. ಹಳಗನ್ನಡ ಶಾಸನಗಳಲ್ಲಿ ಇದು ವೀರಗಲ್ ಎಂದೂ ಬೀರಗಲ್ ಎಂದೂ ಬರುತ್ತದೆ. ಎಷ್ಟೋ ಕಡೆ ಇಂಥವನು 'ಕಲ್ಲನ್ನು ನಿಲ್ಲಿಸಿದನು' ಎಂದಷ್ಟೇ ಇರುತ್ತದೆ. ಕರ್ನಾಟಕದಲ್ಲಿ ಇದುವರೆಗೆ ಗುರುತಿಸಲಾದ ವೀರಗಲ್ಲುಗಳ ಸಂಖ್ಯೆ 2,000ವನ್ನು ಮೀರುತ್ತದೆ. ಶಿವಮೊಗ್ಗ ಜಿಲ್ಲೆಯ ಸೊರಬ ಮತ್ತು ಶಿಕಾರಿಪುರ, ಹಾವೇರಿ ಜಿಲ್ಲೆಯ ಹಾನಗಲ್ಲು, ಹಾಗೆಯೇ ಧಾರವಾಡ, ಕೋಲಾರ ಮತ್ತು ಬೆಂಗಳೂರಿನ ಸುತ್ತಮುತ್ತಲ ಪ್ರದೇಶಗಳಲ್ಲಿ ಇವು ದಟ್ಟವಾಗಿವೆ. ಯುದ್ಧವೆಂಬುದು ಅರಮನೆಯ ಹೊರಗೆ, ಸಾಮಾನ್ಯ ಹಳ್ಳಿಗಳ ಶಿಲ್ಪದಲ್ಲಿ, ದೇವರ ಕಲ್ಪನೆಯಲ್ಲಿ, ಭೂಮಿಯ ಒಡೆತನದಲ್ಲಿ ಮತ್ತು ಕುಟುಂಬದ ಬದುಕಿನಲ್ಲಿ ಯಾವ ಗುರುತುಗಳನ್ನು ಉಳಿಸಿತು ಎಂಬುದನ್ನು ತಿಳಿಯಲು ಕನ್ನಡನಾಡಿನಲ್ಲಿ ಇದಕ್ಕಿಂತ ಸಮೃದ್ಧವಾದ ಆಕರ ಬೇರೊಂದಿಲ್ಲ.

ವ್ಯಾಪ್ತಿ

ಸತ್ತ ಯೋಧನಿಗೆ ಕಲ್ಲು ನಿಲ್ಲಿಸುವ ಪದ್ಧತಿ ಕರ್ನಾಟಕಕ್ಕೆ ಮಾತ್ರ ಸೀಮಿತವಲ್ಲ. ತಮಿಳುನಾಡಿನಲ್ಲಿ ಇದಕ್ಕೆ ನಡುಕಲ್ ಎನ್ನುತ್ತಾರೆ. ಪ್ರಾಚೀನ ತಮಿಳು ವ್ಯಾಕರಣ ಗ್ರಂಥವಾದ ತೊಲ್ಕಾಪ್ಪಿಯಂ ಕಲ್ಲನ್ನು ಆರಿಸುವುದರಿಂದ ಹಿಡಿದು ಅದನ್ನು ನೀರಿನಲ್ಲಿ ಮೀಯಿಸಿ, ನೆಟ್ಟು, ಸ್ತುತಿಸುವವರೆಗೆ ಈ ವಿಧಿಯ ಆರು ಹಂತಗಳನ್ನು ಹೆಸರಿಸುತ್ತದೆ. ಗುಜರಾತಿನ ಪಾಳಿಯಾ ಕಲ್ಲುಗಳೂ ಮಹಾರಾಷ್ಟ್ರದ ವೀರಗಳಗಳೂ ಇದೇ ಬಗೆಯವು. ಮುಂಬೈಯ ಬೋರಿವಲಿಯ ಬಳಿಯ ಎಕ್ಸಾರಿನಲ್ಲಿರುವ ವೀರಗಲ್ಲುಗಳಲ್ಲಿ ಮತ್ತು ಗೋವೆಯ ವಸ್ತುಸಂಗ್ರಹಾಲಯಗಳಲ್ಲಿರುವ ಕದಂಬರ ಕಾಲದ ಕೆಲವು ಕಲ್ಲುಗಳಲ್ಲಿ ಹುಟ್ಟುಗಳ ಸಾಲುಳ್ಳ ಹಡಗುಗಳೂ ಕಡಲ ಕಾಳಗವೂ ಕಾಣುತ್ತವೆ. ಆದರೆ ಶಿಲ್ಪ, ಬರಹ ಮತ್ತು ದಾನಶಾಸನ ಈ ಮೂರೂ ಒಂದೇ ಕಲ್ಲಿನಲ್ಲಿ ಇಷ್ಟು ವಿಪುಲವಾಗಿ ಕೂಡಿಬಂದಿರುವುದು ಕನ್ನಡ ಪ್ರದೇಶದಲ್ಲಿ.

ಉಗಮ

ವೀರಗಲ್ಲಿನ ಮೂಲವನ್ನು ಬೃಹತ್ ಶಿಲಾಯುಗದ ಸಮಾಧಿಗಳ ಬಳಿ ನಿಲ್ಲಿಸುತ್ತಿದ್ದ ಒರಟು ನಿಲುಗಲ್ಲುಗಳಲ್ಲಿ ಹುಡುಕುವ ವಿದ್ವಾಂಸರಿದ್ದಾರೆ. ಸತ್ತವನ ಜಾಗವನ್ನು ಕಲ್ಲಿನಿಂದ ಗುರುತಿಸುವ ಆಸೆ ಎರಡಕ್ಕೂ ಸಮಾನವಾದದ್ದಾದರೂ, ಒಬ್ಬ ನಿರ್ದಿಷ್ಟ ವ್ಯಕ್ತಿಯ ಹೆಸರು, ಅವನು ಸತ್ತ ಕಾರಣ ಮತ್ತು ಆ ಸಾವಿಗೆ ಸಮುದಾಯ ಕೊಟ್ಟ ಬೆಲೆ ಇವನ್ನು ದಾಖಲಿಸುವ ಸ್ಮಾರಕ ಲಿಪಿಯ ಬಳಕೆ ಬಂದ ಮೇಲೆ ರೂಪುಗೊಂಡದ್ದು. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದಾದ, ಸುಮಾರು 450ರದೆಂದು ಬಹುಕಾಲ ಪರಿಗಣಿತವಾದ ಹಲ್ಮಿಡಿ ಶಾಸನದ ವಿಷಯವೇ ಯುದ್ಧ: ಕೇಕಯ ಮತ್ತು ಪಲ್ಲವರ ವಿರುದ್ಧ ಹೋರಾಡಿದ ವಿಜಅರಸನಿಗೆ ಎರಡು ಹಳ್ಳಿಗಳನ್ನು ಬಾಳ್ಗಳ್ಚಾಗಿ, ಅಂದರೆ ಕತ್ತಿ ತೊಳೆದ ಗೌರವದ ದತ್ತಿಯಾಗಿ ಕೊಟ್ಟ ಸಂಗತಿಯನ್ನು ಅದು ಹೇಳುತ್ತದೆ. ಅದು ವೀರಗಲ್ಲಲ್ಲ, ಏಕೆಂದರೆ ಅಲ್ಲಿನ ವೀರ ಮಡಿದಿಲ್ಲ. ಆದರೆ ಹೋರಾಟಕ್ಕೆ ಭೂಮಿಯ ರೂಪದ ಮನ್ನಣೆ ಸಲ್ಲುವ ಪದ್ಧತಿ ಕನ್ನಡ ಬರವಣಿಗೆಯ ಆರಂಭದಲ್ಲಿಯೇ ನೆಲೆಗೊಂಡಿತ್ತೆಂಬುದಕ್ಕೆ ಅದು ಸಾಕ್ಷಿ. ಚಿತ್ರದುರ್ಗದ ಬಳಿಯ ತಮಟಕಲ್ಲಿನಲ್ಲಿ ದೊರೆತ, ಸುಮಾರು 500ರದೆಂದು ಎಣಿಸಲಾದ ಪದ್ಯಶಾಸನ ಮಾಸಿಕಾಪುರದ ಒಡೆಯ ಗುಣಮಧುರನನ್ನು ಹೊಗಳುತ್ತದೆ, ಮತ್ತು ಅದನ್ನು ಕನ್ನಡದ ಆರಂಭದ ವೀರಸ್ಮಾರಕಗಳಲ್ಲಿ ಒಂದೆಂದು ಪರಿಗಣಿಸಲಾಗಿದೆ.

8ನೆಯ ಶತಮಾನದಿಂದ ಸಾಕ್ಷ್ಯ ಹೆಚ್ಚುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ, ಗಂಗರ ಶ್ರೀಪುರುಷನ ಆಳ್ವಿಕೆಯ ಸುಮಾರು 750ರ ಕಲ್ಲು ಪೆರ್ಬೊಳಲಿನ, ಅಂದರೆ ಹೆಬ್ಬಾಳದ, ಮೇಲೆ ದಾಳಿ ನಡೆದಾಗ ಹೋರಾಡಿ ಸತ್ತ ಕಿತ್ತಯ್ಯನೆಂಬವನದು. ಇಂದು ಮಹಾನಗರದ ನಡುವೆ ಸೇರಿಹೋಗಿರುವ ಒಂದು ಊರಿನ ಹಳೆಯ ಹೆಸರೂ ಅದನ್ನು ಕಾಯಲು ಪ್ರಾಣಕೊಟ್ಟವನ ಹೆಸರೂ ಈ ಕಲ್ಲಿನಿಂದಲೇ ಉಳಿದಿವೆ.

ರಚನೆ

ಪೂರ್ಣವಾಗಿ ಬೆಳೆದ ವೀರಗಲ್ಲು ನೆಟ್ಟಗೆ ನಿಲ್ಲಿಸಿದ ಆಯತಾಕಾರದ ಚಪ್ಪಡಿಯಾಗಿದ್ದು, ಅದರ ಮುಖವನ್ನು ಅಡ್ಡಪಟ್ಟಿಗಳಿಂದ ಮೂರು ಹಂತಗಳಾಗಿ ವಿಂಗಡಿಸಿರುತ್ತಾರೆ. ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಹಂತದಲ್ಲಿ ಹೋರಾಟದ ದೃಶ್ಯವಿರುತ್ತದೆ. ವೀರ ಇತರರಿಗಿಂತ ದೊಡ್ಡ ಆಕೃತಿಯಾಗಿ, ಬಿಲ್ಲು, ಕತ್ತಿ, ಗುರಾಣಿ ಅಥವಾ ಈಟಿಯನ್ನು ಹಿಡಿದು ಶತ್ರುಗಳಿಗೆ ಎದುರಾಗಿರುತ್ತಾನೆ. ಮೈಗೆ ನಾಟಿದ ಬಾಣಗಳನ್ನು ಶಿಲ್ಪಿ ಮರೆಮಾಡುವುದಿಲ್ಲ. ತುರುಗಾಳಗವಾದರೆ, ಅಂದರೆ ದನಗಳಿಗಾಗಿ ನಡೆದ ಕಾಳಗವಾದರೆ, ದನಗಳು ಒಂದರ ಮೇಲೊಂದು ಸಾಲಾಗಿ ಬರುತ್ತವೆ. ಒಡೆಯನಾದರೆ ತಲೆಯ ಮೇಲೆ ಕೊಡೆಯೂ ಅಡಿಯಲ್ಲಿ ಕುದುರೆ ಅಥವಾ ಆನೆಯೂ ಇರುತ್ತವೆ. ನಡುವಿನ ಹಂತದಲ್ಲಿ ಅಪ್ಸರೆಯರು ವೀರನನ್ನು ಎರಡೂ ಕಡೆಯಿಂದ ಹಿಡಿದು, ಅಥವಾ ವಿಮಾನದಲ್ಲಿ ಕೂರಿಸಿ, ಚಾಮರ ಬೀಸುತ್ತಾ ಮೇಲಕ್ಕೆ ಒಯ್ಯುತ್ತಾರೆ. ಮೇಲಿನ ಹಂತ ಕೈಲಾಸ ಅಥವಾ ಸುರಲೋಕ: ನಡುವೆ ಶಿವಲಿಂಗ, ಒಂದು ಬದಿಯಲ್ಲಿ ಪೂಜೆ ಮಾಡುವ ಯತಿ, ಇನ್ನೊಂದು ಬದಿಯಲ್ಲಿ ಕೈಮುಗಿದು ಕುಳಿತ ವೀರ ಮತ್ತು ನಂದಿ. ವೀರ ಜೈನನಾಗಿದ್ದರೆ ಲಿಂಗದ ಜಾಗದಲ್ಲಿ ಕುಳಿತ ಜಿನಬಿಂಬವಿರುತ್ತದೆ. ಎಲ್ಲಕ್ಕಿಂತ ಮೇಲೆ ಸೂರ್ಯಚಂದ್ರರನ್ನು ಕೆತ್ತುವುದು ರೂಢಿ. ಅವರಿರುವವರೆಗೂ ಈ ಕೀರ್ತಿಯೂ ದತ್ತಿಯೂ ಉಳಿಯಲಿ ಎಂಬುದು ಅದರ ಅರ್ಥ.

ಮೂರು ಹಂತವೆಂಬುದು ಬಹುಮಟ್ಟಿನ ರೂಢಿಯೇ ಹೊರತು ಕಟ್ಟುನಿಟ್ಟಿನ ನಿಯಮವಲ್ಲ. ಗಂಗರ ಮತ್ತು ನೊಳಂಬರ ಕಾಲದ ಅನೇಕ ಕಲ್ಲುಗಳಲ್ಲಿ ಒಂದೇ ದೃಶ್ಯ ಚಪ್ಪಡಿಯನ್ನೆಲ್ಲ ತುಂಬಿಕೊಂಡಿರುತ್ತದೆ ಮತ್ತು ಅಪ್ಸರೆಯರು ಮೇಲಿನ ಮೂಲೆಯಲ್ಲಿ ಸಣ್ಣದಾಗಿ ಬರುತ್ತಾರೆ. ಕಲ್ಯಾಣ ಚಾಲುಕ್ಯರ ಮತ್ತು ಹೊಯ್ಸಳರ ಕಾಲದ ದೊಡ್ಡ ಕಲ್ಲುಗಳಲ್ಲಿ ಹಂತಗಳು ನಾಲ್ಕೈದಕ್ಕೆ ಏರುವುದುಂಟು. ಬರಹವನ್ನು ಹಂತಗಳ ನಡುವಣ ಅಡ್ಡಪಟ್ಟಿಗಳಲ್ಲಿ ಕೆತ್ತುತ್ತಿದ್ದರು. ಹಳೆಯ ಕಲ್ಲುಗಳಲ್ಲಿ ಅದು ಆಕೃತಿಗಳ ಸುತ್ತ ಉಳಿದ ಜಾಗದಲ್ಲಿ ಹರಡಿಕೊಂಡಿರುವುದೂ ಇದೆ. ಆಳುವ ಅರಸನ ಹೆಸರು, ಶಕವರ್ಷ ಅಥವಾ ಸಂವತ್ಸರ, ತಿಥಿ ವಾರಗಳು, ಹೋರಾಟದ ಕಾರಣ, ವೀರನ ಮತ್ತು ಅವನ ತಂದೆಯ ಹೆಸರು, ಕಲ್ಲು ನಿಲ್ಲಿಸಿದವರು, ಕೊಟ್ಟ ದತ್ತಿ, ಅದನ್ನು ಅಳಿದವರಿಗೆ ಶಾಪ ಎಂಬುದು ವಿಸ್ತಾರವಾದ ಬರಹದ ಕ್ರಮ. ಒಂದೇ ಸಾಲಿನಲ್ಲಿ ಹೆಸರನ್ನು ಮಾತ್ರ ಹೇಳುವ ಕಲ್ಲುಗಳೂ ಯಾವ ಅಕ್ಷರವೂ ಇಲ್ಲದ ಕಲ್ಲುಗಳೂ ಹೇರಳವಾಗಿವೆ.

ಹೋರಾಟದ ಬಗೆಗಳು

ವೀರಗಲ್ಲುಗಳನ್ನು ಅವು ಹೇಳುವ ಸಾವಿನ ಕಾರಣದ ಮೇಲೆ ವಿಂಗಡಿಸುವುದು ವಾಡಿಕೆ. ರಾಜ್ಯ ರಾಜ್ಯಗಳ ನಡುವಣ ಕಾಳಗ ಅವುಗಳಲ್ಲಿ ಒಂದು ಬಗೆ ಮಾತ್ರ. ತುರುಗೋಳ್, ಅಂದರೆ ದನಗಳನ್ನು ಕೊಳ್ಳೆಹೊಡೆಯುವುದು ಮತ್ತು ಅವನ್ನು ಬಿಡಿಸಿ ತರುವುದು, ಅತ್ಯಂತ ಹೆಚ್ಚು ಕಲ್ಲುಗಳಿಗೆ ಕಾರಣವಾದ ಹೋರಾಟಗಳಲ್ಲಿ ಸೇರುತ್ತದೆ. ಊರಳಿವು ಎಂದರೆ ಊರನ್ನು ಮುತ್ತಿ ಸುಟ್ಟು ಹಾಳುಮಾಡುವ ದಾಳಿ; ಪೆಣ್ಬುಯ್ಯಲ್ ಎಂದರೆ ಹೆಂಗಸರನ್ನು ಹೊತ್ತೊಯ್ಯುವಾಗ ಅಥವಾ ಅವರ ಮೇಲೆ ಕೈಮಾಡುವಾಗ ಏಳುವ ಕೂಗಿಗೆ ಓಗೊಟ್ಟು ನಡೆಸಿದ ಹೋರಾಟ. ಇವಲ್ಲದೆ ಗಡಿಯ ಜಗಳ, ಕಳ್ಳರ ದಾಳಿ, ಹುಲಿ ಅಥವಾ ಹಂದಿಯೊಡನೆ ನಡೆದ ಸೆಣಸಾಟ ಇವುಗಳಲ್ಲಿ ಸತ್ತವರಿಗೂ ಕಲ್ಲುಗಳಿವೆ.

ತುರುಗೋಳ್ ಬರಿಯ ಕಳ್ಳತನವಾಗಿರಲಿಲ್ಲ. ದನವೇ ಮುಖ್ಯ ಸಂಪತ್ತಾಗಿದ್ದ ಸಮಾಜದಲ್ಲಿ ಪಕ್ಕದ ನಾಡಿನ ದನಗಳನ್ನು ಅಟ್ಟಿಕೊಂಡು ಹೋಗುವುದು ಉಳುಮೆ, ಹೈನು ಮತ್ತು ಗೊಬ್ಬರ ಮೂರನ್ನೂ ಒಮ್ಮೆಗೇ ಕಿತ್ತುಕೊಂಡಂತೆ ಆಗುತ್ತಿತ್ತು. ಯುದ್ಧ ಘೋಷಿಸುವ ಒಂದು ವಿಧಾನವಾಗಿಯೂ ಅದನ್ನು ಬಳಸುತ್ತಿದ್ದರು. ಮಹಾಭಾರತದ ವಿರಾಟಪರ್ವದ ಗೋಗ್ರಹಣದ ಕಥೆ ಈ ಜನರಿಗೆ ಪುರಾಣವಾಗಿದ್ದಷ್ಟೇ ನಿತ್ಯದ ಅನುಭವವೂ ಆಗಿತ್ತು, ಮತ್ತು ಹಾನಗಲ್ಲನ್ನು ವಿರಾಟನ ಕೋಟೆಯೆಂದು ಗುರುತಿಸುವ ಸ್ಥಳಪರಂಪರೆ ಬೆಳೆದದ್ದು ತುರುಗಾಳಗದ ಕಲ್ಲುಗಳು ಕಿಕ್ಕಿರಿದ ಸೀಮೆಯಲ್ಲಿಯೇ. ಬನವಾಸಿನಾಡಿನಂಥ ಪ್ರದೇಶಗಳು ಹಲವು ಅರಸುಮನೆಗಳ ನಡುವೆ ಕೈಬದಲಾಗುತ್ತಿದ್ದುದರಿಂದ ಗಡಿಯ ಹಳ್ಳಿಗಳಿಗೆ ದಾಳಿಯ ಭಯ ತಲೆಮಾರುಗಟ್ಟಲೆ ತಪ್ಪಿರಲಿಲ್ಲ; ಸೊರಬ ಮತ್ತು ಹಾನಗಲ್ಲು ಸೀಮೆಗಳಲ್ಲಿ ಕಲ್ಲುಗಳು ದಟ್ಟವಾಗಿರುವುದಕ್ಕೆ ಇದೂ ಒಂದು ಕಾರಣ.

ದೊಡ್ಡ ಯುದ್ಧಗಳ ಕಲ್ಲುಗಳಲ್ಲಿ ಬೆಂಗಳೂರಿನ ಬೇಗೂರಿನವು ಪ್ರಸಿದ್ಧ. ಸುಮಾರು 890ರ ಒಂದು ಬರಹ ಬೆಂಗಳೂರಿನ ಕಾಳಗದಲ್ಲಿ ಗಂಗರ ಅಧಿಕಾರಿ ನಾಗತ್ತರನ ಕಡೆಯ ಬುಟ್ಟಣಸೆಟ್ಟಿ ಮಡಿದುದನ್ನು ಹೇಳುತ್ತದೆ, ಮತ್ತು ಬೆಂಗಳೂರು ಎಂಬ ಹೆಸರಿನ ಅತಿ ಹಳೆಯ ಉಲ್ಲೇಖಗಳಲ್ಲಿ ಅದು ಒಂದು. ಕೆಂಪೇಗೌಡನ ಕಾಲಕ್ಕಿಂತ ಆರು ಶತಮಾನಗಳಿಗೂ ಹಿಂದೆ ಆ ಹೆಸರಿತ್ತೆಂಬುದು ಹೀಗೆ ಒಂದು ಸಾವಿನ ದಾಖಲೆಯಿಂದ ತಿಳಿದಿದೆ. ಬೇಗೂರಿನ ಇನ್ನೊಂದು ಕಲ್ಲು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವುದು, ವೀರಮಹೇಂದ್ರನ ವಿರುದ್ಧ ತುಂಬೆಪಾಡಿಯಲ್ಲಿ ಹೋರಾಡಿ ನಾಗತ್ತರನೇ ಸತ್ತುದನ್ನೂ ಗಂಗರ ಎಱೆಯಪ್ಪ ಅವನ ಪದವಿಯನ್ನು ಇರುಗನಿಗೆ ಕೊಟ್ಟು ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ, ಅಂದರೆ ಸತ್ತವನ ಸಲುವಾಗಿ ಕೊಡುವ ಭೂದತ್ತಿಯಾಗಿ, ನೀಡಿದುದನ್ನೂ ದಾಖಲಿಸುತ್ತದೆ.

ಶಿಲ್ಪಶೈಲಿಯ ಬೆಳವಣಿಗೆ

ಶಿಲ್ಪವಾಗಿ ವೀರಗಲ್ಲಿನ ಮಹತ್ವ ದೇವಾಲಯ ಶಿಲ್ಪದ ಪಕ್ಕದಲ್ಲಿಟ್ಟಾಗ ಸ್ಪಷ್ಟವಾಗುತ್ತದೆ. ದೇವಾಲಯದ ಶಿಲ್ಪಿಗೆ ಆಗಮ ಮತ್ತು ಶಿಲ್ಪಶಾಸ್ತ್ರಗಳ ಅಳತೆಗಳಿದ್ದವು. ವೀರಗಲ್ಲನ್ನು ಕಡೆಯುವವನ ಮುಂದಿದ್ದದ್ದು ಈಚೆಗೆ ನಡೆದ ಒಂದು ಘಟನೆ ಮತ್ತು ಅದನ್ನು ಕಂಡವರ ಮಾತು. ಹೀಗಾಗಿ ಆ ಕಾಲದ ಆಯುಧ, ಉಡುಗೆ, ತುರುಬಿನ ಕಟ್ಟು, ಕುದುರೆಯ ಜೀನು, ದನಗಳ ಕೊಂಬು ಮುಂತಾದ ವಿವರಗಳು ಇಲ್ಲಿ ನೇರವಾಗಿ ಬರುತ್ತವೆ.

ಗಂಗರ ಕಾಲದ ಕಲ್ಲುಗಳು ಬಹುತೇಕ ಗಟ್ಟಿಯಾದ ಕಣಶಿಲೆಯವು. ಆ ಶಿಲೆ ಸೂಕ್ಷ್ಮ ಕೆತ್ತನೆಗೆ ಒಗ್ಗದ ಕಾರಣ ಶಿಲ್ಪಿಗಳು ಅಲಂಕಾರವನ್ನು ಬಿಟ್ಟು ಚಲನೆಯ ಕಡೆಗೆ ಗಮನ ಕೊಟ್ಟರು. ಬೇಗೂರಿನ ಕಲ್ಲಿನಲ್ಲಿ ಆನೆ, ಕುದುರೆ, ಕಾಲಾಳುಗಳು ಒಂದರೊಳಗೊಂದು ಸೇರಿಕೊಂಡು ಇಡೀ ರಣರಂಗವೇ ಒಂದು ಚಪ್ಪಡಿಯಲ್ಲಿ ಮೂಡಿದೆ. ಕನ್ನಡನಾಡಿನ ಯುದ್ಧಶಿಲ್ಪದಲ್ಲಿ ಇದಕ್ಕೆ ಸಮನಾದದ್ದು ವಿರಳ. 11 ಮತ್ತು 12ನೆಯ ಶತಮಾನಗಳಲ್ಲಿ ಕಲ್ಯಾಣ ಚಾಲುಕ್ಯರ ಆಡಳಿತದ ಬನವಾಸಿನಾಡಿನಲ್ಲಿ ಮೆದುವಾದ ಬಳಪದ ಜಾತಿಯ ಶಿಲೆ ಬಳಕೆಗೆ ಬಂತು. ಅದರೊಂದಿಗೆ ದೇವಾಲಯದ ಕಂಬ, ತೋರಣ, ಶಿಖರಗಳ ಮಾದರಿಗಳು ವೀರಗಲ್ಲಿನ ಮೇಲಿನ ಹಂತಗಳನ್ನು ಸೇರಿದವು, ಅಪ್ಸರೆಯರ ನೃತ್ಯಭಂಗಿಗಳು ಬಳುಕಿದವು, ಚೌಕಟ್ಟಿನ ನೆತ್ತಿಯಲ್ಲಿ ಕೀರ್ತಿಮುಖ ಬಂತು. ಹೊಯ್ಸಳರ ಕಾಲದಲ್ಲಿ ಈ ಅಲಂಕಾರ ತುದಿಮುಟ್ಟಿತು. ಕೆತ್ತನೆಯ ನಯ ಹೆಚ್ಚಿದಂತೆ ಹೋರಾಟದ ಬಿರುಸು ಕುಗ್ಗಿದ್ದೂ ನಿಜ: ಕೆಳಗಿನ ಹಂತ ಕಿರಿದಾಗುತ್ತ ಸ್ವರ್ಗದ ಹಂತಗಳು ಹಿರಿದಾದ ಕಲ್ಲುಗಳಲ್ಲಿ ಸತ್ತ ಮನುಷ್ಯನಿಗಿಂತ ಅವನಿಗೆ ದೊರೆಯುವ ಫಲವೇ ಮುಖ್ಯವಾಗಿಬಿಡುತ್ತದೆ. ಹಾನಗಲ್ಲು ಮತ್ತು ಬಳ್ಳಿಗಾವಿಯ ದೇವಾಲಯಗಳ ಆವರಣದ ಕಲ್ಲುಗಳಲ್ಲಿ ಎರಡೂ ಗುಣಗಳು ಸಮತೂಕದಲ್ಲಿವೆ.

ಸಂಬಂಧಿಸಿದ ಸ್ಮಾರಕಗಳು

ಯುದ್ಧದ ಸಾವು ರಣರಂಗದಲ್ಲಿಯೇ ಮುಗಿಯುತ್ತಿರಲಿಲ್ಲ. ಒಡೆಯ ಸತ್ತಾಗ ಅವನೊಡನೆ ಸಾಯುವ ವ್ರತವನ್ನು ಹೊತ್ತವರಿಗೆ ವೇಳೆವಾಳಿ ಅಥವಾ ವೇಳೆವಡಿಚರೆಂದೂ ಉಂಡ ಅನ್ನದ ಋಣವನ್ನು ಪ್ರಾಣಕೊಟ್ಟು ತೀರಿಸುವುದಕ್ಕೆ ಜೋಳವಾಳಿಯೆಂದೂ ಹೆಸರಿತ್ತು. ಕಿಳ್ಗುಂಠೆ ಎಂಬುದು ಒಡೆಯನ ಸಮಾಧಿಯ ಕೆಳಗೆ ತಾನೂ ಹೂಳಿಸಿಕೊಳ್ಳುವ ಪದ್ಧತಿ. ಗಂಗರ ನೀತಿಮಾರ್ಗ ಸುಮಾರು 870ರಲ್ಲಿ ತೀರಿಕೊಂಡಾಗ ಅವನ ಮನೆಯ ಸೇವಕ ಅಗರಯ್ಯ ಹೀಗೆ ಸತ್ತುದನ್ನು ದೊಡ್ಡಹುಂಡಿಯ ಕಲ್ಲು ಹೇಳುತ್ತದೆ, ಮತ್ತು ಮರಣಶಯ್ಯೆಯ ಅರಸನನ್ನು ಅಗರಯ್ಯ ಆತುಕೊಂಡಿರುವ ಚಿತ್ರ ಅದರ ಮೇಲಿದೆ. ಹೊಯ್ಸಳರಲ್ಲಿ ಈ ವ್ರತಸ್ಥರಿಗೆ ಗರುಡರೆಂದೂ ಲೆಂಕರೆಂದೂ ಹೆಸರು. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಕುವರಲಕ್ಷ್ಮ ತನ್ನ ಪತ್ನಿ ಸುಗ್ಗಲದೇವಿ ಮತ್ತು ಸಾವಿರ ಯೋಧರೊಡನೆ ಪ್ರಾಣಬಿಟ್ಟುದನ್ನು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಗರುಡಗಂಬ ದಾಖಲಿಸುತ್ತದೆ. ಕಂಬದ ಸುತ್ತ ತಮ್ಮ ಕೊರಳನ್ನು ತಾವೇ ಕೊಯ್ದುಕೊಳ್ಳುತ್ತಿರುವ ಆಕೃತಿಗಳಿವೆ. ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯ ಕಂಬಗಳು ಒಂದೇ ಮನೆತನ ಹಲವು ತಲೆಮಾರುಗಳ ಕಾಲ ಹೀಗೆ ಸತ್ತುದನ್ನು ಸಾರುತ್ತವೆ. ಬಾಗಿಸಿದ ಬಿದಿರಿಗೆ ಕೂದಲನ್ನು ಕಟ್ಟಿ ಕತ್ತನ್ನು ಕಡಿಸಿಕೊಳ್ಳುವ ಸಿಡಿತಲೆಯೂ ಇಂಥ ಆತ್ಮಬಲಿಯ ಇನ್ನೊಂದು ರೂಪ.

ಗಂಡನ ಸಾವಿನ ನಂತರ ಚಿತೆಯೇರಿದ ಹೆಂಗಸಿನ ನೆನಪಿನ ಕಲ್ಲಿಗೆ ಮಹಾಸತಿಕಲ್ಲು ಅಥವಾ ಮಾಸ್ತಿಕಲ್ಲು ಎಂದು ಹೆಸರು. ಒಂದು ಕಂಬದಿಂದ ಹೊರಚಾಚಿ ಮೊಣಕೈಯಲ್ಲಿ ಮಡಿಸಿ ಮೇಲೆತ್ತಿದ, ಬಳೆ ತೊಟ್ಟ ತೋಳು ಇದರ ಮುಖ್ಯ ಲಕ್ಷಣ. ಕೈಯಲ್ಲಿ ನಿಂಬೆಹಣ್ಣು, ಕೆಲವೆಡೆ ಕನ್ನಡಿ ಇರುತ್ತದೆ. ಗಂಡನ ಹೋರಾಟ ಮತ್ತು ಹೆಂಡತಿಯ ಸಹಗಮನ ಎರಡನ್ನೂ ಒಂದೇ ಕಲ್ಲಿನಲ್ಲಿ ತೋರಿಸಿದ ವೀರಮಾಸ್ತಿಕಲ್ಲುಗಳು ವಿಜಯನಗರದ ಕಾಲದಲ್ಲಿ ಹೆಚ್ಚಾಗಿ ಕಾಣುತ್ತವೆ. ಕೋಲಾರ ಜಿಲ್ಲೆಯ ಮಾಸ್ತಿ ಎಂಬ ಊರಿನ ಹೆಸರೂ ಇದಕ್ಕೆ ಸಂಬಂಧಿಸಿದ್ದು. ಈ ಕಲ್ಲುಗಳು ಹೆಣ್ಣಿನ ನಿಷ್ಠೆಯನ್ನು ಹೊಗಳುತ್ತವೆಯೇ ಹೊರತು ಆ ಸಾವನ್ನು ಅವಳು ಬಯಸಿದಳೋ ಇಲ್ಲವೋ ಎಂಬುದನ್ನು ತಿಳಿಯಲು ಯಾವ ದಾರಿಯನ್ನೂ ಬಿಟ್ಟಿಲ್ಲ. ಅವುಗಳ ಮಾತನ್ನು ಅವಳ ಮಾತೆಂದು ತೆಗೆದುಕೊಳ್ಳಲಾಗದು. ಉಪವಾಸದಿಂದ ಸಾವನ್ನು ಬರಮಾಡಿಕೊಳ್ಳುವ ಸಲ್ಲೇಖನದಿಂದ ದೇಹಬಿಟ್ಟ ಜೈನರ ಸ್ಮಾರಕವಾದ ನಿಷಿಧಿಗಲ್ಲು ಇವೆಲ್ಲಕ್ಕಿಂತ ಬೇರೆ ಬಗೆಯದು. ಆದರೂ ಯುದ್ಧದ ಬದುಕಿಗೆ ಅದರ ನಂಟು ಇಲ್ಲದಿಲ್ಲ: ಅನೇಕ ಕಾಳಗಗಳನ್ನು ನಡೆಸಿದ ಗಂಗರ ಇಮ್ಮಡಿ ಮಾರಸಿಂಹ ಕೊನೆಯಲ್ಲಿ ಬಂಕಾಪುರದಲ್ಲಿ ಸಲ್ಲೇಖನ ವ್ರತದಿಂದ ಪ್ರಾಣಬಿಟ್ಟನು, ಮತ್ತು ಅವನ ಯುದ್ಧಗಳನ್ನೂ ಆ ಶಾಂತಮರಣವನ್ನೂ ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಶಾಸನ ಒಟ್ಟಿಗೆ ಹೇಳುತ್ತದೆ.

ನಂಬಿಕೆ ಮತ್ತು ಪೂಜೆ

ಹೋರಾಡುತ್ತಾ ಸತ್ತವನು ಯಜ್ಞ, ತಪಸ್ಸುಗಳ ಫಲವನ್ನು ಒಂದೇ ಕ್ಷಣದಲ್ಲಿ ಪಡೆಯುತ್ತಾನೆ ಎಂಬುದು ವೀರಗಲ್ಲಿನ ಹಿಂದಿರುವ ನಂಬಿಕೆಯ ತಿರುಳು. ಗೆದ್ದರೆ ಸಂಪತ್ತು, ಸತ್ತರೆ ದೇವಾಂಗನೆ, ಕ್ಷಣಿಕವಾದ ಈ ದೇಹಕ್ಕಾಗಿ ಚಿಂತೆಯೇಕೆ ಎಂಬ ತಾತ್ಪರ್ಯದ ಸಂಸ್ಕೃತ ಶ್ಲೋಕ ನಾಡಿನ ಉದ್ದಗಲಕ್ಕೂ ಅನೇಕ ಕಲ್ಲುಗಳ ಮೇಲಿದೆ. ಇದು ಅರಸರಿಗೂ ನಾಯಕರಿಗೂ ಅನುಕೂಲವಾದ ನಂಬಿಕೆಯಾಗಿತ್ತು ಎಂಬುದನ್ನು ಮರೆಯುವಂತಿಲ್ಲ. ಆದರೂ ಅದನ್ನು ಮೇಲಿನಿಂದ ಹೇರಿದ ಬೋಧನೆಯೆಂದಷ್ಟೇ ಹೇಳಿದರೆ ಅಪೂರ್ಣವಾಗುತ್ತದೆ, ಏಕೆಂದರೆ ಯಾವ ಅರಸನ ಆಜ್ಞೆಯೂ ಇಲ್ಲದೆ ತಂದೆ ಮಗನಿಗೆ, ತಮ್ಮ ಅಣ್ಣನಿಗೆ, ಹೆಂಡತಿ ಗಂಡನಿಗೆ ನಿಲ್ಲಿಸಿದ ಕಲ್ಲುಗಳಲ್ಲಿಯೂ ಅದೇ ಅಪ್ಸರೆಯರೂ ಅದೇ ಕೈಲಾಸವೂ ಇವೆ. ಅಕಾಲದಲ್ಲಿ ಮನೆಯವನನ್ನು ಕಳೆದುಕೊಂಡವರಿಗೆ ಅವನು ಈಗ ಶಿವನ ಮುಂದೆ ಕುಳಿತಿದ್ದಾನೆಂಬ ಚಿತ್ರ ಕೊಟ್ಟಿರಬಹುದಾದ ಸಮಾಧಾನವನ್ನು ಸಣ್ಣದೆನ್ನಲಾಗದು.

ಕಲ್ಲು ನಿಂತ ಮೇಲೆ ಅದಕ್ಕೆ ಪೂಜೆ ಸಲ್ಲುತ್ತಿತ್ತು. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಇದಕ್ಕೆ ಅಪರೂಪದ ನಿದರ್ಶನ. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ ಮತ್ತು ಗಂಗರ ಇಮ್ಮಡಿ ಬೂತುಗ ಚೋಳ ರಾಜಾದಿತ್ಯನನ್ನು 949ರ ತಕ್ಕೋಲಂ ಯುದ್ಧದಲ್ಲಿ ಸೋಲಿಸಿದಾಗ, ಬೂತುಗನ ಕಡೆಯ ಮಣಲೇರ ತೋರಿದ ಪರಾಕ್ರಮಕ್ಕೆ ಮೆಚ್ಚುಗೆಯಾಗಿ ಏನು ಬೇಕೆಂದು ಒಡೆಯ ಕೇಳಿದನು. ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಒಂದು ದೊಡ್ಡ ಹಂದಿಯೊಡನೆ ಸೆಣಸಿ ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ನಿಲ್ಲಿಸಿದ ಈ ಕಲ್ಲಿಗೆ ಭೂಮಿಯನ್ನು ದತ್ತಿ ಬಿಟ್ಟು, ಆ ಭೂಮಿಯನ್ನು ನೋಡಿಕೊಳ್ಳುವ ಗೊರವ, ಅಂದರೆ ಶೈವ ಪೂಜಾರಿ, ಕಲ್ಲನ್ನು ಪೂಜಿಸದೆ ಉಣ್ಣಬಾರದೆಂದು ಕಟ್ಟು ಮಾಡಲಾಯಿತು. ದಕ್ಷಿಣ ಭಾರತದ ರಾಜಕೀಯವನ್ನೇ ಬದಲಿಸಿದ ಒಂದು ಯುದ್ಧದ ಮುಖ್ಯ ಆಕರ ಹೀಗೆ ನಾಯಿಯೊಂದರ ಸ್ಮಾರಕವಾಗಿದೆ. ಹಂದಿ ಮತ್ತು ನಾಯಿಯ ಕಾದಾಟದ ಚಿತ್ರವುಳ್ಳ ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಕಾಲ ಕಳೆದಂತೆ ವೀರನ ಹೆಸರು ಮರೆತುಹೋಗಿ ಕಲ್ಲು ಮಾತ್ರ ದೇವರಾಗಿ ಉಳಿದ ಊರುಗಳು ಅಸಂಖ್ಯ. ಎಣ್ಣೆ ಸವರಿ, ಕುಂಕುಮ ಹಚ್ಚಿ, ಹಬ್ಬದ ದಿನ ಎಡೆಯಿಡುವ ಕಲ್ಲುಗಳು ಬೀರಪ್ಪ, ವೀರರು, ಮಾಸ್ತಮ್ಮ ಮುಂತಾದ ಹೆಸರುಗಳನ್ನು ಪಡೆದಿವೆ. ದನಕರುಗಳಿಗೆ ರೋಗ ಬಂದಾಗ ಹರಕೆ ಹೊರುವುದು ದನಗಳಿಗಾಗಿ ಸತ್ತವನ ಕಲ್ಲಿನ ಮುಂದೆಯೇ ಎಂಬ ಕಡೆಗಳೂ ಇವೆ. ಕಲ್ಲಿನ ಹಂಗಿಲ್ಲದೆಯೂ ಯುದ್ಧದಲ್ಲಿ ಮಡಿದವರು ದೈವವಾಗಿದ್ದಾರೆ. ದೆಹಲಿಯ ಸೇನೆಯೊಡನೆ ಹೋರಾಡಿ ಸುಮಾರು 1327ರಲ್ಲಿ ಮಡಿದ ಕಂಪಿಲಿಯ ಕುಮಾರರಾಮನಿಗೆ ಕುಮ್ಮಟದುರ್ಗದಲ್ಲಿ ಗುಡಿಯಿದೆ ಮತ್ತು ಅವನ ಶಿರಸ್ಸಿನ ರೂಪಕ್ಕೆ ಪೂಜೆ ಸಲ್ಲುತ್ತದೆ. ತುಳುನಾಡಿನಲ್ಲಿ ಪಾಡ್ದನಗಳ ಪ್ರಕಾರ ಕಾಳಗದಲ್ಲಿ ಮಡಿದ ಅವಳಿ ವೀರರಾದ ಕೋಟಿ ಚೆನ್ನಯರಿಗೆ ಗರಡಿಗಳಲ್ಲಿ ನೇಮ ನಡೆಯುತ್ತದೆ.

ಕೊಡಗೆ ಮತ್ತು ಜನಜೀವನ

ಸತ್ತವನ ಕುಟುಂಬಕ್ಕೆ ಕೊಡುತ್ತಿದ್ದ ಭೂಮಿಗೆ ಕಲ್ನಾಡು ಅಥವಾ ಕಲ್ನಾಟು, ನೆತ್ತರುಗೊಡಗೆ ಎಂಬ ಹೆಸರುಗಳಿದ್ದವು. ಯುದ್ಧದಲ್ಲಿ ಮೆರೆದವರಿಗೆ, ಅವರು ಬದುಕಿದ್ದಾಗಲೇ ಕೊಟ್ಟದ್ದಕ್ಕೆ ಬಾಳ್ಗಚ್ಚು (ಹಲ್ಮಿಡಿ ಶಾಸನದ ಬಾಳ್ಗಳ್ಚು) ಎನ್ನುತ್ತಿದ್ದರು. ಮಣಲೇರನಿಗೆ ಆತಕೂರು ಹನ್ನೆರಡು ದೊರೆತದ್ದು ಬಾಳ್ಗಚ್ಚಾಗಿ. ದಂಡನಾಯಕನ ಮನೆಗೆ ಹನ್ನೆರಡು ಹಳ್ಳಿಗಳು ಸಿಕ್ಕರೆ ದನ ಕಾಯುವ ತುರುಗಾಹಿಯ ಮನೆಗೆ ಒಂದು ತುಂಡು ಗದ್ದೆಯೋ ಹೊಲವೋ ಸಿಗುತ್ತಿತ್ತು. ಕೊಡುವವರು ಕೆಲವೊಮ್ಮೆ ಅರಸರು, ಎಷ್ಟೋ ಸಲ ಊರಗಾವುಂಡ ಮತ್ತು ಊರವರು. ದತ್ತಿಯನ್ನು ತೆರಿಗೆಯಿಂದ ಬಿಟ್ಟುಕೊಟ್ಟು ವಂಶಪಾರಂಪರ್ಯವಾಗಿ ಅನುಭವಿಸಲು ಬಿಡುತ್ತಿದ್ದುದರಿಂದ ವೀರಗಲ್ಲು ಭೂಮಿಯ ಹಕ್ಕಿನ ಪತ್ರವೂ ಆಗಿತ್ತು. ಕಲ್ಲನ್ನು ಕೆಡಿಸಿದವನಿಗೆ ಘೋರವಾದ ಶಾಪವನ್ನು ಬರೆಯುತ್ತಿದ್ದುದಕ್ಕೆ ಭಕ್ತಿಯಷ್ಟೇ ಈ ವ್ಯವಹಾರವೂ ಕಾರಣ. ಮನೆಯ ದುಡಿಯುವ ಆಳು ಸತ್ತ ಮೇಲೆ ಉಳಿದವರು ಹೇಗೆ ಬದುಕಬೇಕೆಂಬ ಪ್ರಶ್ನೆಗೆ ಮಧ್ಯಯುಗದ ಕನ್ನಡ ಸಮಾಜ ಕೊಟ್ಟ ಉತ್ತರ ಇದು.

ವೀರರ ಸಾಮಾಜಿಕ ಹಿನ್ನೆಲೆ ಗಮನಿಸತಕ್ಕದ್ದು. ಅರಸರ ಶಾಸನಗಳಲ್ಲಿ ಅರಸರು, ಆಚಾರ್ಯರು, ಬ್ರಾಹ್ಮಣರು, ವರ್ತಕರು ಕಾಣುತ್ತಾರೆ. ವೀರಗಲ್ಲುಗಳಲ್ಲಿ ಒಕ್ಕಲಿಗರು, ಗೊಲ್ಲರು, ಬೇಡರು, ಅಗಸರು, ಆಳುಮಕ್ಕಳು ತಮ್ಮ ಹೆಸರು ಮತ್ತು ಮುಖಗಳೊಡನೆ ಬರುತ್ತಾರೆ. ಕನ್ನಡನಾಡಿನ ಚರಿತ್ರೆಯಲ್ಲಿ ಸಾವಿರ ವರ್ಷಗಳ ಹಿಂದಿನ ಸಾಮಾನ್ಯ ಹಳ್ಳಿಗರ ಹೆಸರುಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಉಳಿದಿರುವುದು ಇಲ್ಲಿಯೇ. ಹೋರಾಡಿದ ಹೆಂಗಸರ ಕಲ್ಲುಗಳೂ ಇವೆ, ಆದರೆ ಅವು ಬೆರಳೆಣಿಕೆಯವು. ವೀರಗಲ್ಲು ಹೇಳದೆ ಬಿಡುವ ಸಂಗತಿಗಳು ಇದಕ್ಕಿಂತ ಹೆಚ್ಚು: ಸುಟ್ಟ ಊರಿನ ಬರ, ಗಾಯಗೊಂಡು ಬದುಕುಳಿದವರ ಪಾಡು, ಸೆರೆಹೋದ ಹೆಂಗಸರು, ಸೋತ ಕಡೆಯ ಹೆಸರಿಲ್ಲದ ಆಳುಗಳು. ಕೆಳಗಿನ ಹಂತದಲ್ಲಿ ವೀರನ ಕಾಲಡಿ ಬಿದ್ದಿರುವ ಸಣ್ಣ ಆಕೃತಿಗಳಿಗೂ ಎಲ್ಲೋ ಒಂದು ಊರಿನಲ್ಲಿ ಮನೆಯಿತ್ತು.

ಭಾಷೆ ಮತ್ತು ಸಾಹಿತ್ಯ

ವೀರಗಲ್ಲಿನ ಬರಹ ಬಹುತೇಕ ಗದ್ಯದಲ್ಲಿದ್ದು, ಪ್ರಾದೇಶಿಕ ಆಡುಮಾತಿಗೆ ಹತ್ತಿರವಾಗಿರುವುದರಿಂದ ಭಾಷಾಚರಿತ್ರೆಗೆ ಅಮೂಲ್ಯವಾದ ಆಕರ. ಅನುಕೂಲವಂತರ ಕಲ್ಲುಗಳಲ್ಲಿ ಕಂದ ಮತ್ತು ವೃತ್ತಗಳಿವೆ. ಯೋಧನನ್ನು ಹೊಗಳುವ ದೇಸಿ ಛಂದಸ್ಸಿನ ಪ್ರಸಿದ್ಧ ನಿದರ್ಶನ ಸುಮಾರು 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ತ್ರಿಪದಿಗಳು. ಅದು ವೀರಗಲ್ಲಲ್ಲದಿದ್ದರೂ ಅದೇ ಮನೋಧರ್ಮದ್ದು. ಜೋಳವಾಳಿಯ ಆದರ್ಶ ಪಂಪನ ವಿಕ್ರಮಾರ್ಜುನ ವಿಜಯದ ಕರ್ಣನಲ್ಲಿ ಮತ್ತು ರನ್ನನ ಗದಾಯುದ್ಧದಲ್ಲಿ ಕಾವ್ಯದ ಎತ್ತರವನ್ನು ಮುಟ್ಟಿತು. ಈ ಕವಿಗಳ ಕೇಳುಗರು ಊರ ಬಾಗಿಲಲ್ಲಿ ವೀರಗಲ್ಲುಗಳನ್ನು ಕಂಡು ಬೆಳೆದವರಾಗಿದ್ದರು.

ಇಳಿಮುಖ

14ನೆಯ ಶತಮಾನದ ನಂತರ ವೀರಗಲ್ಲುಗಳ ಶಿಲ್ಪಗುಣ ಕುಗ್ಗುತ್ತದೆ. ಗಡಿನಾಡುಗಳು ವಿಜಯನಗರದ ಆಳ್ವಿಕೆಗೆ ಸೇರಿದ ಮೇಲೆ ತುರುಗೋಳಿನ ಕಲ್ಲುಗಳು ವಿರಳವಾದವು; ಸಿಡಿಮದ್ದಿನ ಯುದ್ಧದಲ್ಲಿ ಒಬ್ಬ ವೀರನ ಎದುರುಬದುರಿನ ಸೆಣಸಾಟಕ್ಕೆ ಹಿಂದಿನ ಸ್ಥಾನ ಉಳಿಯಲಿಲ್ಲ. ನಾಯಕರ ಮತ್ತು ಪಾಳೆಯಗಾರರ ಕಾಲದಲ್ಲಿ ಕಲ್ಲು ನಿಲ್ಲಿಸುವುದು ಮುಂದುವರಿಯಿತಾದರೂ ಆಕೃತಿಗಳು ಒರಟಾಗಿ, ಬರಹ ಮಾಯವಾಗಿ, 18ನೆಯ ಶತಮಾನದ ಹೊತ್ತಿಗೆ ಪದ್ಧತಿ ಕ್ಷೀಣಿಸಿತು.

ಅಧ್ಯಯನ

ವೀರಗಲ್ಲುಗಳ ಬರಹಗಳು ಮೊದಲು ವ್ಯವಸ್ಥಿತವಾಗಿ ಅಚ್ಚಾದದ್ದು ಬಿ. ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳಲ್ಲಿ. ಉತ್ತರ ಕರ್ನಾಟಕದ ಶಾಸನಗಳ ಮೇಲೆ ಜೆ. ಎಫ್. ಫ್ಲೀಟ್ ಕೆಲಸ ಮಾಡಿದರು. ಆ ಕಾಲದ ಆಸಕ್ತಿ ಅರಸರ ವಂಶಾವಳಿ ಮತ್ತು ಕಾಲನಿರ್ಣಯದಲ್ಲಿದ್ದುದರಿಂದ ಶಿಲ್ಪವೂ ನಂಬಿಕೆಯೂ ಹಿಂದೆ ಬಿದ್ದವು. ಎಂ. ಚಿದಾನಂದಮೂರ್ತಿ ಅವರ ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ ಈ ಕಲ್ಲುಗಳನ್ನು ವ್ರತ, ಬಲಿ, ನಿಷ್ಠೆಗಳ ಸಾಮಾಜಿಕ ಚೌಕಟ್ಟಿನಲ್ಲಿಟ್ಟು ನೋಡಿತು. 1982ರಲ್ಲಿ ಆರ್. ಶೇಷಶಾಸ್ತ್ರಿ ಅವರ ಕರ್ನಾಟಕದ ವೀರಗಲ್ಲುಗಳು ಪ್ರಕಟವಾಯಿತು; ಅದೇ ವರ್ಷ ಷ. ಶೆಟ್ಟರ್ ಮತ್ತು ಗುಂಥರ್ ಸೊಂಥೈಮರ್ ಸಂಪಾದಿಸಿದ ಸಂಪುಟ ಭಾರತದ ಬೇರೆ ಪ್ರದೇಶಗಳ ಸ್ಮಾರಕಶಿಲೆಗಳ ಜೊತೆಗೆ ಇವನ್ನು ತೌಲನಿಕವಾಗಿ ಪರಿಶೀಲಿಸಿತು.

ಈಗಿನ ಸ್ಥಿತಿ

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ, ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ, ಹಳೇಬೀಡು ಮತ್ತು ಶಿವಮೊಗ್ಗದ ಸಂಗ್ರಹಾಲಯಗಳಲ್ಲಿ ಉತ್ತಮ ಸಂಗ್ರಹಗಳಿವೆ. ಹೆಬ್ಬಾಳದ ಕಿತ್ತಯ್ಯನ ಕಲ್ಲಿಗೆ ಸ್ಥಳೀಯ ನಾಗರಿಕರ ಮುತುವರ್ಜಿಯಿಂದ ಮಂಟಪ ಕಟ್ಟಲಾಗಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ನಗರ ಮತ್ತು ಸುತ್ತಲಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ದಾಖಲಿಸುತ್ತಿದೆ. ಸವೆದು ಕಣ್ಣಿಗೆ ಕಾಣದ ಅಕ್ಷರಗಳನ್ನೂ ಈ ವಿಧಾನದಿಂದ ಓದಲು ಸಾಧ್ಯವಾಗಿದೆ. ಬೆಂಗಳೂರಿನ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ ನಿಲ್ಲಿಸಿದ ಏಕಶಿಲೆಗೆ ವೀರಗಲ್ಲು ಎಂದೇ ಹೆಸರಿಟ್ಟಿರುವುದು ಈ ಪರಂಪರೆ ಆಧುನಿಕ ಸೈನಿಕರಿಗೂ ವಿಸ್ತರಿಸಿರುವುದನ್ನು ತೋರಿಸುತ್ತದೆ.

ಉಳಿದ ಬಹುಪಾಲು ಕಲ್ಲುಗಳು ಕೆರೆಯ ಏರಿ, ಹೊಲದ ಬದು, ಊರ ಬಾಗಿಲು ಮತ್ತು ಹಾಳುಗುಡಿಗಳ ಅಂಗಳದಲ್ಲಿವೆ. ಚರಂಡಿಯ ಹಾಸುಗಲ್ಲಾಗಿ, ಬಟ್ಟೆ ಒಗೆಯುವ ಕಲ್ಲಾಗಿ, ಗೋಡೆಯ ಕಟ್ಟಡಕ್ಕೆ ಒಡೆದ ಕಲ್ಲಾಗಿ ಹೋದವು ಬಹಳ. ರಸ್ತೆ ಅಗಲಿಸುವಾಗ ಮತ್ತು ಬಡಾವಣೆ ಕಟ್ಟುವಾಗ ಮಣ್ಣಿನಡಿ ಸೇರಿದವೂ ನಿಧಿಯಾಸೆಯಿಂದ ಕಿತ್ತೆಸೆಯಲಾದವೂ ಇವೆ. ಪೂಜೆ ನಡೆಯುವ ಕಲ್ಲುಗಳು ಇವುಗಳಿಗಿಂತ ಸುರಕ್ಷಿತವಾಗಿದ್ದರೂ ಎಣ್ಣೆ, ಸುಣ್ಣ ಮತ್ತು ಬಣ್ಣದ ಲೇಪಗಳಡಿ ಅವುಗಳ ಬರಹ ಮುಚ್ಚಿಹೋಗುತ್ತಿದೆ. ಕರ್ನಾಟಕ ಪ್ರಾಚೀನ ಮತ್ತು ಐತಿಹಾಸಿಕ ಸ್ಮಾರಕಗಳ 1961ರ ಕಾಯಿದೆ ಘೋಷಿತ ಸ್ಮಾರಕಗಳಿಗೆ ರಕ್ಷಣೆ ಕೊಡುತ್ತದೆ; ಹೊಲದಲ್ಲಿ ಒಂಟಿಯಾಗಿ ನಿಂತ ಕಲ್ಲುಗಳಲ್ಲಿ ಹೆಚ್ಚಿನವು ಆ ಘೋಷಣೆಯ ಹೊರಗಿವೆ. ಅಕ್ಷರವಿಲ್ಲದ ಕಲ್ಲುಗಳ ಸ್ಥಿತಿ ಎಲ್ಲಕ್ಕಿಂತ ಚಿಂತಾಜನಕ, ಏಕೆಂದರೆ ಅವು ಶಾಸನ ಸಂಪುಟಗಳನ್ನು ಸೇರುವುದಿಲ್ಲ ಮತ್ತು ನಾಶವಾದರೆ ಅವು ಇದ್ದವೆಂಬುದಕ್ಕೂ ದಾಖಲೆ ಇರುವುದಿಲ್ಲ. ಇವನ್ನು ನಿಂತ ಜಾಗದಿಂದ ಕದಲಿಸದೆ, ಊರು, ಸರ್ವೆ ಸಂಖ್ಯೆ, ಅಳತೆ, ಛಾಯಾಚಿತ್ರ ಮತ್ತು ಸ್ಥಳೀಯ ಹೆಸರಿನೊಂದಿಗೆ ಮೊದಲು ಪಟ್ಟಿ ಮಾಡಬೇಕಾಗಿದೆ. ಊರಿನ ಶಾಲೆ ಮತ್ತು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿಯೇ ಆರಂಭಿಸಬಹುದಾದ ಕೆಲಸವಿದು.